ಹುಂಜವೋ ಹೇಂಟೆಯೋ?



ಸೊರಬದ ಕಡೆಯ ಒಬ್ಬ ತಾಯಿ ಮೊಟ್ಟೆಯ ಆಸೆಯಿಂದ ಹತ್ತು ಕೋಳಿಮರಿ ಕೊಂಡರೆಂದು ಭಾವಿಸಿ. ಮೂರು ತಿಂಗಳು ನುಚ್ಚು, ತೌಡು ಹಾಕಿ ಸಾಕಿದ ಮೇಲೆ ಅವುಗಳಲ್ಲಿ ಏಳು ಕೂಗತೊಡಗಿದರೆ? ಮೊಟ್ಟೆ ಮಾರಿ ಮಗಳಿಗೆ ಪುಸ್ತಕ ಕೊಡಿಸುವ ಲೆಕ್ಕವೆಲ್ಲ ತಲೆಕೆಳಗು.

ಹಿಂದೆ ಈ ಚಿಂತೆ ಇಷ್ಟಾಗಿ ಕಾಡುತ್ತಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ಅದೇ ವಂಶದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕೋಳಿ ಕಾಳಗದ ವರ್ಣನೆಯಿದೆ. ಆದರೆ ಕಾಳಗಕ್ಕೆ ಆರಿಸುತ್ತಿದ್ದುದು ಬೆಳೆದ ಹುಂಜವನ್ನು. ಹಿತ್ತಿಲ ಹೇಂಟೆ ಕಾವು ಕೂತು ಮರಿ ಮಾಡಿದರೆ ಎಲ್ಲವೂ ಬೇಕಾದವೇ: ಹುಂಜ ಹಬ್ಬಕ್ಕೆ, ನೆಂಟರಿಗೆ, ಹೇಂಟೆ ಮೊಟ್ಟೆಗೆ. ಒಂದು ದಿನದ ಮರಿಯನ್ನು ದುಡ್ಡು ಕೊಟ್ಟು ತರುವ ಕಾಲ ಬಂದಾಗಲೇ ಪ್ರಶ್ನೆ ಹರಿತವಾಯಿತು.

ಚೂಪು ಮೊಟ್ಟೆಯಲ್ಲಿ ಹುಂಜ, ದುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತನ್ನು ನೀವೂ ಕೇಳಿರಬಹುದು. ರೋಮಿನ ಪ್ಲಿನಿ ಇದನ್ನೇ ಬರೆದ. ಅವನಿಗಿಂತ ಹಿಂದಿನ ಗ್ರೀಕ್ ಪಂಡಿತ ಅರಿಸ್ಟಾಟಲ್ ಹೇಳಿದ್ದು ಇದಕ್ಕೆ ತದ್ವಿರುದ್ಧ! ಇಬ್ಬರದೂ ತಪ್ಪೇ.

ನಿಜವಾದ ಸುಳಿವು ಸಿಕ್ಕಿದ್ದು 20ನೆಯ ಶತಮಾನದಲ್ಲಿ. ಬೂದು-ಬಿಳಿ ಪಟ್ಟೆಗಳ 'ಬಾರ್ಡ್ ಪ್ಲಿಮತ್ ರಾಕ್' ಎಂಬ ಅಮೆರಿಕದ ತಳಿಯಿದೆ. ಈ ಪಟ್ಟೆಯ ಗುಣ ಲಿಂಗದೊಡನೆ ಹೆಣೆದುಕೊಂಡಿದೆಯೆಂದು 1908ರಲ್ಲಿ ಸ್ಪಿಲ್‌ಮನ್ ಎಂಬ ವಿಜ್ಞಾನಿ ತೋರಿಸಿದರು. ಕೋಳಿಗಳಲ್ಲಿ ಹುಂಜಕ್ಕೆ ಎರಡು 'ಜೆಡ್' ವರ್ಣತಂತುಗಳು, ಹೇಂಟೆಗೆ ಒಂದೇ. ಪಟ್ಟೆಯ ಜೀನ್ ಇರುವುದು ಅದರ ಮೇಲೆ. ಆದ್ದರಿಂದ ಈ ಶುದ್ಧ ತಳಿಯ ಗಂಡುಮರಿಗೆ ಅದು ಎರಡು ಪಾಲು. ಅದರ ಕಪ್ಪು ತಲೆಯ ಮೇಲಿನ ಬಿಳಿ ಚುಕ್ಕೆ ದೊಡ್ಡದು, ಅಂಚು ಚದುರಿದ್ದು. ಹೆಣ್ಣುಮರಿಯದು ಚಿಕ್ಕದು, ಒತ್ತಾದದ್ದು, ಕಾಲೂ ಹೆಚ್ಚು ಕಪ್ಪು. ಆದರೂ ಕೆಲವು ಮರಿಗಳು ಮೋಸಗೊಳಿಸುತ್ತವೆ.

ಗುರುತೇ ಇಲ್ಲದ ತಳಿಗಳಿಗೆ ದಾರಿ ತೋರಿದವರು ಜಪಾನಿನ ಮಸುಯಿ ಮತ್ತು ಹಾಶಿಮೊಟೊ. ಮರಿಯ ಗುದದ್ವಾರವನ್ನು ಮೆಲ್ಲನೆ ಹಿಗ್ಗಿಸಿ, ಒಳಗಿನ ಸಾಸಿವೆಯಷ್ಟು ಚಿಕ್ಕ ಉಬ್ಬನ್ನು ನೋಡುವ ವಿಧಾನವಿದು. 1927ರಲ್ಲಿ ಕೆನಡಾದ ಆಟವಾದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಇದು ಹೊರಜಗತ್ತಿಗೆ ಪರಿಚಯವಾಯಿತು. ಪಳಗಿದ ಕೈ ತಾಸಿಗೆ ಸಾವಿರದಷ್ಟು ಮರಿ ವಿಂಗಡಿಸಬಲ್ಲದು. ನೀವು ಮನೆಯಲ್ಲಿ ಪ್ರಯೋಗಿಸಲು ಹೋಗಬೇಡಿ, ಮರಿಗೆ ಗಾಯವಾದೀತು. ಈ ಜಾಣತನಕ್ಕೆ ಕಹಿ ಮುಖವೂ ಉಂಟು: ಮೊಟ್ಟೆ ತಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವ ರೂಢಿ ಬೆಳೆಯಿತು. ಜರ್ಮನಿ ಅದನ್ನು 2022ರಿಂದ ನಿಷೇಧಿಸಿದೆ.

ಇನ್ನು ನಮ್ಮ ಹಿತ್ತಿಲಿಗೆ ಬನ್ನಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಹೊರತಂದ ಗಿರಿರಾಜ ಬೆರಕೆ ಕೋಳಿ. ಪ್ಲಿಮತ್ ರಾಕ್‌ನ ಚುಕ್ಕೆಯ ಲೆಕ್ಕವನ್ನು ಅದಕ್ಕೆ ಹಚ್ಚಲಾಗದು. ನಾಟಿ ಕೋಳಿಗೂ, ಕಾಳಗದ ಅಸೀಲ್ ತಳಿಗೂ ಅಷ್ಟೇ. ಮರಿಯ ರೆಕ್ಕೆಗರಿ ಎಳೆದು "ಇದು ಹೇಂಟೆ" ಎಂದು ಹೇಳುವವರಿದ್ದಾರೆ. ಅದಕ್ಕೆಂದೇ ಕೂಡಿಸಿದ ತಂದೆ-ತಾಯಿಯ ಮರಿಗಳಲ್ಲಿ ಮಾತ್ರ ಆ ಪರೀಕ್ಷೆ ಸಲ್ಲುತ್ತದೆ. ಸೊರಬದ ಆ ತಾಯಿ ಎಂಟು ವಾರದ ಮರಿ ಕೊಳ್ಳುವುದೇ ಮೇಲು. ಬೆಲೆ ಸ್ವಲ್ಪ ಹೆಚ್ಚು, ನಿಜ. ಆದರೆ ಅಷ್ಟರಲ್ಲಿ ಹುಂಜದ ಜುಟ್ಟು ಕೆಂಪಾಗಿ ದಪ್ಪಗಾಗಿರುತ್ತದೆ.