ಯುಪಿಐನಲ್ಲಿ ಹಣ ಪಡೆದರೆ ಜಿಎಸ್‌ಟಿ ಬೀಳುತ್ತದೆಯೇ? ಕ್ಯಾಶ್ ಪಡೆದರೆ ತಪ್ಪುತ್ತದೆಯೇ?

ಸಾರಾಂಶ

ಫೋನ್‌ಪೇ, ಗೂಗಲ್ ಪೇ ಮೂಲಕ ಹಣ ಪಡೆದರೆ ಜಿಎಸ್‌ಟಿ ಕಟ್ಟಬೇಕು, ಕ್ಯಾಶ್ ಪಡೆದರೆ ಬೇಕಿಲ್ಲ ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನಾವು ಇದನ್ನು ಪರಿಶೀಲಿಸಿದ್ದೇವೆ. ಈ ಹೇಳಿಕೆ ತಪ್ಪು. ಜಿಎಸ್‌ಟಿ ಬೀಳುವುದು ಮಾರಾಟದ ಮೇಲೆ. ಹಣ ಯಾವ ದಾರಿಯಲ್ಲಿ ಬಂತು ಎಂಬುದರಿಂದ ಲೆಕ್ಕ ಬದಲಾಗುವುದಿಲ್ಲ.

ಈ ಮಾತು ಹುಟ್ಟಿದ್ದು ಹೇಗೆ?

2025ರ ಜುಲೈನಲ್ಲಿ ಕರ್ನಾಟಕ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟು ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹೋಗಿ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿ ಬಂತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ರೂ. ವಹಿವಾಟಿಗೆ ಸುಮಾರು 29 ಲಕ್ಷ ರೂ. ತೆರಿಗೆಯ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. 1.63 ಕೋಟಿಯ ಶೇ. 18 ಎಷ್ಟು ನೋಡಿ, ಹತ್ತಿರಹತ್ತಿರ ಅಷ್ಟೇ ಆಗುತ್ತದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ನಡೆಸಿದರು. ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಹೇಳಿದರು. ಜುಲೈ 25ಕ್ಕೆ ಕರೆ ನೀಡಿದ್ದ ಬಂದ್ ನಿಂತಿತು. ಆದರೆ ಫಾರ್ವರ್ಡ್‌ಗಳು ನಿಲ್ಲಲಿಲ್ಲ.

ಯುಪಿಐ ಮೇಲೆ ತೆರಿಗೆ ಇದೆಯೇ?

ಇಲ್ಲ. 2,000 ರೂ. ಮೀರಿದ ಯುಪಿಐ ಪಾವತಿಗೆ ಜಿಎಸ್‌ಟಿ ಹಾಕುವ ಪ್ರಸ್ತಾವವೇ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಯುಪಿಐ ಇಲಾಖೆಗೆ ಮಾರಾಟದ ಸುಳಿವು ಕೊಡುತ್ತದೆ, ಅಷ್ಟೇ.

ಹಾಗಾದರೆ ಯಾರು ನೋಂದಣಿ ಮಾಡಿಸಬೇಕು?

ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಬರೀ ಸರಕು ಮಾರುವವರ ಒಟ್ಟು ವಹಿವಾಟು 40 ಲಕ್ಷ ರೂ. ಮೀರಿದರೆ ನೋಂದಣಿ ಬೇಕು. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ ರೂ. ಹೋಟೆಲ್ ಊಟ, ತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ. ದಿನದ ಲೆಕ್ಕದಲ್ಲಿ ಹೇಳುವುದಾದರೆ ಅಂಗಡಿಗೆ ಸುಮಾರು 10,950 ರೂ., ಹೋಟೆಲಿಗೆ ಸುಮಾರು 5,480 ರೂ. ಇದು ಲಾಭವಲ್ಲ, ಒಟ್ಟು ಮಾರಾಟ. ಲಾಭದ ಮೇಲೆ ಬೀಳುವುದು ಆದಾಯ ತೆರಿಗೆ, ಅದು ಬೇರೆಯೇ ಕಾನೂನು.

ಒಂದು ಉದಾಹರಣೆ ನೋಡೋಣ

ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ಒಂದು ಕಿರಾಣಿ ಅಂಗಡಿ ಇದೆ ಎಂದುಕೊಳ್ಳಿ. ದಿನಕ್ಕೆ ಯುಪಿಐನಲ್ಲಿ 8,000 ರೂ., ಕ್ಯಾಶ್‌ನಲ್ಲಿ 4,000 ರೂ. ವ್ಯಾಪಾರ. ಯುಪಿಐ ಮಾತ್ರ ನೋಡಿದರೆ ವರ್ಷಕ್ಕೆ 29.2 ಲಕ್ಷ. ಕ್ಯಾಶ್ ಸೇರಿಸಿದರೆ 43.8 ಲಕ್ಷ, ಮಿತಿ ದಾಟಿತು. ಇದರಲ್ಲಿ ದಿನಕ್ಕೆ 2,000 ರೂ. ಹಾಲು ಮಾರಾಟ ಸೇರಿದೆ ಎನ್ನಿ. ಹಾಲಿಗೆ ತೆರಿಗೆ ಇಲ್ಲ, ಆದರೂ 40 ಲಕ್ಷದ ಮಿತಿ ನೋಡುವಾಗ ಹಾಲಿನ ಮಾರಾಟವೂ ಲೆಕ್ಕಕ್ಕೆ ಬರುತ್ತದೆ. ಅನೇಕರು ಎಡವುವುದು ಇಲ್ಲೇ.

ಪಕ್ಕದಲ್ಲೇ ಬರೀ ತಾಜಾ ತರಕಾರಿ, ಹಣ್ಣು ಮಾರುವವರಿದ್ದರೆ? ತೆರಿಗೆ ಇಲ್ಲದ ವಸ್ತು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಆದರೂ ನೋಂದಣಿ ಬೇಕಿಲ್ಲ. ತಮ್ಮ ಹೊಲದಲ್ಲಿ ಬೆಳೆದ ಕಡಲೆಕಾಯಿ ಮಾರುವ ರೈತರಿಗೂ ಬೇಕಿಲ್ಲ.

ನೋಂದಣಿ ಆದರೆ ಶೇ. 18 ಕಟ್ಟಬೇಕೇ?

ಹಾಗೇನಿಲ್ಲ. ವಹಿವಾಟು 1.5 ಕೋಟಿ ರೂ. ಒಳಗಿದ್ದರೆ ಕಾಂಪೊಸಿಷನ್ ಅಥವಾ ರಾಜಿ ತೆರಿಗೆ ಪದ್ಧತಿ ಆರಿಸಿಕೊಳ್ಳಬಹುದು. ವ್ಯಾಪಾರಿಗಳಿಗೆ ತೆರಿಗೆ ಬೀಳುವ ಮಾರಾಟದ ಶೇ. 1, ಹೋಟೆಲ್‌ಗಳಿಗೆ ಶೇ. 5. ಮೇಲಿನ ಕಿರಾಣಿ ಅಂಗಡಿಗೆ ಹಾಲು ಬಿಟ್ಟು ಉಳಿದ 36.5 ಲಕ್ಷಕ್ಕೆ ವರ್ಷಕ್ಕೆ 36,500 ರೂ. ಆಗುತ್ತದೆ. ಆದರೆ ಇದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಕೇಳುವಂತಿಲ್ಲ. ನೋಂದಣಿ ಇಲ್ಲದೆ ಕಳೆದ ವರ್ಷಗಳಿಗೆ ಈ ಸೌಲಭ್ಯ ಸಿಗುವುದಿಲ್ಲ. ಆದ್ದರಿಂದ ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕುವುದು ಒಳ್ಳೆಯದು. ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ.

ಜಿಎಸ್‌ಟಿ ನಂಬರ್ ಸಿಕ್ಕರೆ ಅಂಗಡಿ ಹೆಸರು ನಮ್ಮದಾಗುತ್ತದೆಯೇ?

ಇಲ್ಲ. ಅದು ತೆರಿಗೆಯ ಗುರುತು ಮಾತ್ರ. ಹೆಸರು, ಲೋಗೊಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಬೇರೆ ಅರ್ಜಿ ಹಾಕಬೇಕು. ಆ ನೋಂದಣಿ 10 ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ.

ನೋಟಿಸ್ ಬಂದರೆ ಏನು ಮಾಡಬೇಕು?

ಗಾಬರಿ ಬೇಡ, ಸುಮ್ಮನಿರುವುದೂ ಬೇಡ. ನಿಮ್ಮ ವಿವರಣೆ ಕೇಳಿದ್ದರೆ ನೋಟಿಸಿನಲ್ಲಿರುವ ದಿನಾಂಕದೊಳಗೆ ಉತ್ತರ ಕೊಡಿ. ಖಾತೆಗೆ ಬಂದ ಎಲ್ಲ ಹಣವೂ ಮಾರಾಟವಲ್ಲ. ಕೈಸಾಲ, ಚೀಟಿ ಹಣ, ನೆಂಟರು ಕಳಿಸಿದ್ದನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಗುರುತಿಸಿ. ತೆರಿಗೆ ಇಲ್ಲದ ವಸ್ತುಗಳ ಖರೀದಿ ಚೀಟಿಗಳನ್ನು ಜೋಡಿಸಿ. ನೋಟಿಸ್ ರದ್ದು ಮಾಡಿಸುತ್ತೇವೆ ಎಂದು ಲಿಂಕ್ ಕಳಿಸುವವರಿಗೆ ಹಣ ಹಾಕಬೇಡಿ. ಇನ್ನು ಮುಂದೆ ಮನೆಯ ಹಣಕ್ಕೊಂದು, ಅಂಗಡಿಗೊಂದು ಖಾತೆ ಇಟ್ಟುಕೊಳ್ಳಿ.

ತೀರ್ಪು

ಯುಪಿಐ ಬಿಟ್ಟು ಕ್ಯಾಶ್ ಪಡೆದರೆ ಜಿಎಸ್‌ಟಿ ತಪ್ಪುತ್ತದೆ ಎಂಬ ಹೇಳಿಕೆ ತಪ್ಪು. ಕ್ಯೂಆರ್ ಕೋಡ್ ಕಿತ್ತು ಹಾಕುವ ಮೊದಲು ವರ್ಷದ ಮಾರಾಟವನ್ನು ಒಮ್ಮೆ ಕೂಡಿ ನೋಡಿ.