ಎಂಟರಿಂದ ಒಂದೂವರೆ: ಕಚೇರಿ ವೇಳೆಯ ಚಿಂತನೆ ನಡೆದುಬಂದ ದಾರಿ

ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿ 2023ರ ಅಕ್ಟೋಬರ್‌ನಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90ಕ್ಕೆ ಏರಿತು. ಆಮೇಲೆ ಕನ್ನಡದಲ್ಲಿ ನಡೆದ ಚರ್ಚೆ ಬಹುಮಟ್ಟಿಗೆ ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ದಾಟಲಿಲ್ಲ. ಕಚೇರಿ ಎಂದರೆ ಗಾಜಿನ ಕಟ್ಟಡ, ನೌಕರ ಎಂದರೆ ಲ್ಯಾಪ್‌ಟಾಪ್‌ನವನು, ಪರಿಹಾರ ಎಂದರೆ ಬೆಳಗಿನ ಐದಕ್ಕೆ ಏಳುವುದು. ಸಿಂಧನೂರಿನ ನೀರಾವರಿ ಕಚೇರಿಗೆ, ಲಿಂಗಸುಗೂರಿನ ಉಪವಿಭಾಗಕ್ಕೆ, ಮಸ್ಕಿಯ ತಹಶೀಲ್ದಾರ್ ಕಚೇರಿಗೆ ಆ ಮಾತುಕತೆಯಲ್ಲಿ ಜಾಗವೇ ಇರಲಿಲ್ಲ. ಇದು ಬರೀ ಅನಾದರವಲ್ಲ, ತಪ್ಪು ಓದು ಕೂಡ. ದುಡಿಮೆಗೂ ಬದುಕಿಗೂ ಹೊತ್ತನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಗೆ ಗಟ್ಟಿ ಉತ್ತರಗಳು ಇಂಥ ಸೀಮೆಗಳಲ್ಲೇ ಸಿಕ್ಕಿವೆ. ಅವು ಬೊಟ್ಟು ಮಾಡುವುದೂ ಒಂದೇ ಕಡೆಗೆ: ನೌಕರನಿಗೆ ಸಮಯದ ಮಿತವ್ಯಯ ಬೋಧಿಸಿದಾಗ ಹೆಚ್ಚೇನೂ ಬದಲಾಗಿಲ್ಲ, ಅವನ ಮೇಜಿನ ಮೇಲೆ ಬೀಳುವ ಕೆಲಸಕ್ಕೆ ಯಾರಾದರೂ ಎಲ್ಲೆ ಕಟ್ಟಿದಾಗ ಬದಲಾಗಿದೆ.

ಹಳೆಯ ಕಾಲವನ್ನು ಬೇಗ ದಾಟಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನ, ದೇವಾನಾಂಪ್ರಿಯನೇ ಅಶೋಕ ಎಂಬುದನ್ನು ಖಚಿತಪಡಿಸಿತು. ಅದೇ ಅಶೋಕ ತನ್ನ ಆರನೆಯ ಬಂಡೆ ಶಾಸನದಲ್ಲಿ, ತಾನು ಊಟಕ್ಕೆ ಕೂತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವರದಿ ಯಾವ ಹೊತ್ತಿನಲ್ಲೂ ತನಗೆ ಮುಟ್ಟಬೇಕು ಎನ್ನುತ್ತಾನೆ. ಇಂದಿನ ವಾಟ್ಸ್‌ಆ್ಯಪ್ ಗುಂಪುಗಳ ಮೂಲಪುರುಷ ಅವನೇ ಇರಬೇಕು. ಆದರೆ ಆ ಹೊರೆಯನ್ನು ಅವನು ಹೊತ್ತದ್ದು ತನ್ನ ತಲೆಯ ಮೇಲೆ, ಗುಮಾಸ್ತನ ತಲೆಗೆ ದಾಟಿಸಲಿಲ್ಲ. ಧೌಲಿಯಲ್ಲಿರುವ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಭಾಗಗಳು ದೊರೆತಿರುವ ಪ್ರತ್ಯೇಕ ಶಾಸನಗಳಲ್ಲಿ ಅವನು ಅಧಿಕಾರಿಗಳ ದೋಷಗಳನ್ನು ಪಟ್ಟಿಮಾಡುವಾಗ ಸೋಮಾರಿತನದ ಜೊತೆ ಅವಸರವನ್ನೂ ದಣಿವನ್ನೂ ಸೇರಿಸಿದ್ದು ಗಮನಿಸಬೇಕಾದದ್ದು. ಮುಂದೆ ನಿಜಾಮರ ಆಡಳಿತ ಈ ಸೀಮೆಗೆ ಶುಕ್ರವಾರದ ಬಿಡುವು, ಫಸಲಿ ವರ್ಷ, ಉರ್ದು ದಫ್ತರಗಳನ್ನು ತಂದಿತು. ‘ರಜೆ’ ಎಂಬ ಮಾತೇ ಒಪ್ಪಿಗೆ ಎಂಬ ಅರ್ಥದ ಅರಬಿ ಶಬ್ದದಿಂದ ಬಂದದ್ದು. ಬಿಡುವು ಹಕ್ಕಲ್ಲ, ಮೇಲಿನವರ ಅಪ್ಪಣೆ ಎಂಬ ಭಾವ ಸಾಂದರ್ಭಿಕ ರಜೆಯ ಅರ್ಜಿಯ ಒಕ್ಕಣೆಯಲ್ಲಿ ಇನ್ನೂ ಉಳಿದಿದೆ.

ನಡುವೆ ಹನ್ನೆರಡನೆಯ ಶತಮಾನದ ಹತ್ತಿರ ಮಾತ್ರ ನಿಲ್ಲಲೇಬೇಕು. ‘ಕಾಯಕವೇ ಕೈಲಾಸ’ವನ್ನು ಕಚೇರಿಯ ಗೋಡೆಗೆ ತೂಗುಹಾಕಿ, ಅದರ ಕೆಳಗೆ ನೌಕರರನ್ನು ರಾತ್ರಿ ಎಂಟರವರೆಗೆ ಕೂರಿಸುವ ಪದ್ಧತಿ ಹೆಚ್ಚುತ್ತಿದೆ. ಆ ತತ್ವದೊಂದಿಗೆ ಹೆಸರು ಹೊಸೆದುಕೊಂಡಿರುವ ಆಯ್ದಕ್ಕಿ ಮಾರಯ್ಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವನು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರುವಂತೆ ತಿರುಗಿ ಕಳಿಸಿದಳು. ಕಾಯಕದ ಅರ್ಧ ದುಡಿಮೆಯಾದರೆ ಉಳಿದರ್ಧ ‘ಇಷ್ಟು ಸಾಕು’ ಎಂಬ ಅಳತೆ. ಗೋಡೆಯ ಮೇಲೆ ಮಾರಯ್ಯನಿದ್ದಾನೆ, ಲಕ್ಕಮ್ಮನಿಲ್ಲ.

ಆ ಅಳತೆ ಕಾನೂನಿನ ರೂಪದಲ್ಲಿ ಬಂದದ್ದು ಕಚೇರಿಯಿಂದಲ್ಲ, ಗಣಿಯಿಂದ. ಅದೇ ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಲೆಕ್ಕ ಯಾರ ಔದಾರ್ಯದ ಮೇಲೂ ನಿಂತಿಲ್ಲ. 1952ರ ಗಣಿ ಕಾಯ್ದೆ ನೆಲದಡಿಯ ಕೆಲಸವನ್ನು ದಿನಕ್ಕೆ 8, ವಾರಕ್ಕೆ 48 ಗಂಟೆಗೆ ನಿಲ್ಲಿಸಿತು. 1919ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಡಂಬಡಿಕೆ ಕಾರ್ಖಾನೆಗಳಿಗೆ ವಿಧಿಸಿದ ಎಲ್ಲೆಯೂ ಅದೇ. ಅದಿರನ್ನು ತೂಗಬಹುದು, ಕಡತವನ್ನು ತೂಗಲಾಗದು, ಆದ್ದರಿಂದ ಗಣಿಯ ನಿಯಮ ಮೇಜಿಗೆ ಒಪ್ಪದು ಎಂಬ ಆಕ್ಷೇಪ ಹಳೆಯದು. ಪಾಳಿಯ ಗುಟ್ಟು ತೂಕದಲ್ಲಿಲ್ಲ. ಒಬ್ಬ ಮೇಲೆ ಬಂದಾಗ ಇನ್ನೊಬ್ಬ ಕೆಳಗಿಳಿಯುತ್ತಾನೆ, ಕೆಲಸ ಉಳಿದರೂ ಆಳು ಮನೆಗೆ ಹೋಗುತ್ತಾನೆ. ಮೇಜಿಗೆ ಅಂಥ ರಿಲೀವರ್ ಇಲ್ಲ. ಇರುವುದು ‘ಪ್ರಭಾರ’ ಎಂಬ ಪದ್ಧತಿ: ಪಕ್ಕದ ಕುರ್ಚಿ ಖಾಲಿಯಾದರೆ ಅದರ ಕಡತಗಳೂ ಇವನಿಗೇ. ಹೊಸ ತಾಲೂಕುಗಳಲ್ಲಿ ಬೋರ್ಡು ಮೊದಲು ಬರುತ್ತದೆ, ಹುದ್ದೆ ಆಮೇಲೆ. 2018ರಲ್ಲಿ ತಾಲೂಕು ಕೇಂದ್ರವಾಗಿ ಕಾರ್ಯಾರಂಭ ಮಾಡಿದ ಮಸ್ಕಿಯಂಥ ಊರಿನಲ್ಲಿ ಎರಡು ಟೇಬಲ್ ನೋಡುವವನಿಗೆ ದಿನಚರಿ ಬರೆಯುವ ಕಲೆ ಕಲಿಸಿ ಏನು ಪ್ರಯೋಜನ?

ಕಾಲುವೆಯ ಪಾಠ ಬೇರೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಹರಿಯುತ್ತದೆ. ಸಿಂಧನೂರಿನ ಭತ್ತ, ಅಕ್ಕಿ ಗಿರಣಿ, ಗೊಬ್ಬರದಂಗಡಿ, ಬ್ಯಾಂಕಿನ ಬೆಳೆಸಾಲ ಎಲ್ಲವೂ ಅದರ ಗೇಜಿನ ಮೇಲೆ ನಿಂತಿವೆ. ಕೊನೆಭಾಗದ ರೈತರಿಗೆ ನೀರು ಮುಟ್ಟದ ವಾರಗಳಲ್ಲಿ ಎಂಜಿನಿಯರನಿಗೆ ಹತ್ತರಿಂದ ಐದೂವರೆ ಎಂಬುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಗಡಿಯಾರ ನೋಡಬೇಕಿತ್ತು ಎಂದು ಯಾರೂ ಹೇಳಲಾರರು. ಇದನ್ನೇ ಹಿಡಿದು, ಇಲ್ಲಿ ಸಮತೋಲನದ ಮಾತೇ ವ್ಯರ್ಥ ಎನ್ನುವವರಿದ್ದಾರೆ. ವ್ಯರ್ಥವಾದದ್ದು ದಿನದ ಲೆಕ್ಕ ಮಾತ್ರ. ಹಂಗಾಮಿನ ಕೆಲಸಕ್ಕೆ ಹಂಗಾಮಿನ ಲೆಕ್ಕ ಬೇಕು. ನೀರು ಬಿಟ್ಟ ತಿಂಗಳಲ್ಲಿ ಹೆಚ್ಚಿಗೆ ದುಡಿದ ಗಂಟೆ, ಕಾಲುವೆ ನಿಂತ ತಿಂಗಳಲ್ಲಿ ಬಿಡುವಾಗಿ ಮರಳಬೇಕು. ನೀರಿಗೆ ಸರದಿ ಗೊತ್ತುಮಾಡಬಲ್ಲ ಇಲಾಖೆ ತನ್ನ ನೌಕರರ ಬಿಡುವಿಗೂ ಸರದಿ ಗೊತ್ತುಮಾಡುವುದು ಕಷ್ಟದ ಕೆಲಸವೇನಲ್ಲ.

ಇನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಕಾಲ. 1911ರ ಟೇಲರ್‌ನಿಂದ 1989ರ ಸ್ಟೀಫನ್ ಕವಿವರೆಗೆ ಬಂದದ್ದೆಲ್ಲ ಕನ್ನಡದ ಅಂಕಣಗಳಿಗೆ ಇಳಿದಿದೆ: ತುರ್ತು ಯಾವುದು, ಮುಖ್ಯ ಯಾವುದು ಎಂದು ಕೆಲಸವನ್ನು ನಾಲ್ಕು ಚೌಕಗಳಲ್ಲಿ ಹಾಕಿ ನೋಡುವುದು ಇತ್ಯಾದಿ. ತನ್ನ ಹೊತ್ತು ತನ್ನ ಕೈಯಲ್ಲಿರುವವನಿಗೆ ಇವು ಉಪಯುಕ್ತವೇ. ತಾಲೂಕು ಕಚೇರಿಯ ಕೇಸ್ ವರ್ಕರ್‌ಗೆ ಯಾವುದು ಮುಖ್ಯವೆಂದು ನಿರ್ಧರಿಸುವ ಅಧಿಕಾರವಿಲ್ಲ. ಅದನ್ನು ಮಧ್ಯಾಹ್ನದ ವಿಡಿಯೊ ಕಾನ್ಫರೆನ್ಸ್ ನಿರ್ಧರಿಸುತ್ತದೆ.

ನಮ್ಮ ತಲೆಮಾರಿನವರು ಹಿಡಿದ ದಾರಿಯೇ ಬೇರೆ, ಮತ್ತು ಅದು ಇನ್ನೂ ಸರಿಯಾಗಿ ಓದಿಸಿಕೊಂಡಿಲ್ಲ. ಕಡತ ಎಷ್ಟು ಕೈ ದಾಟುತ್ತದೆ, ಎಲ್ಲಿ ಕೂರುತ್ತದೆ ಎಂದು ನೋಡಿದವರು ನಾವು. ಶತಮಾನದ ತಿರುವಿನಲ್ಲಿ ಬಂದ ಭೂಮಿ ಯೋಜನೆ ಕೈಬರಹದ ಪಹಣಿಯನ್ನು ಕೊನೆಗಾಣಿಸಿತು. ಹರನಹಳ್ಳಿ ರಾಮಸ್ವಾಮಿ ನೇತೃತ್ವದ ಆಡಳಿತ ಸುಧಾರಣಾ ಆಯೋಗ ಕೆಲಸದ ರಚನೆಯನ್ನೇ ಪ್ರಶ್ನಿಸಿತು. ಸರ್ಕಾರಿ ಸೇವೆಗಳಿಗೆ ಗಡುವು ಕಟ್ಟಿದ ಸಕಾಲ ಯೋಜನೆ 2012ರ ಮಾರ್ಚ್ 1ರಂದು ಔರಾದ್, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲೂಕುಗಳಲ್ಲಿ ಪ್ರಯೋಗವಾಗಿ ಶುರುವಾಗಿ, ಏಪ್ರಿಲ್ 2ರಿಂದ 151 ಸೇವೆಗಳೊಂದಿಗೆ ರಾಜ್ಯವ್ಯಾಪಿಯಾಯಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ದಂಡ ಚಿಕ್ಕದು, ಬದಲಾವಣೆ ದೊಡ್ಡದು. ‘ನಾಳೆ ಬಾ’ ಎಂಬುದಕ್ಕೆ ತಾರೀಖು ಬಿತ್ತು. ಅದರಿಂದ ನೌಕರನಿಗೂ ಲಾಭವಿತ್ತು: ಗಡುವು ಗೊತ್ತಿದ್ದರೆ ಅರ್ಜಿದಾರ ದಿನಾ ಬಂದು ಮೇಜಿನ ಮುಂದೆ ನಿಲ್ಲಬೇಕಿಲ್ಲ, ನಡುವೆ ಕೆಲಸ ಕಡಿಯುವುದಿಲ್ಲ. ಗಡುವಿನ ಮುನ್ನಾದಿನ ಅರ್ಜಿ ತಿರಸ್ಕರಿಸಿ ಲೆಕ್ಕ ಸರಿಮಾಡುವ ಚಾಳಿಯ ಬಗ್ಗೆ ಬಂದ ಟೀಕೆಯಲ್ಲಿ ಹುರುಳಿದೆ. ಅದಕ್ಕಿಂತ ದೊಡ್ಡ ಕೊರತೆ, ಸಕಾಲ ನಾಗರಿಕನ ದಿನಗಳನ್ನು ಎಣಿಸಿತು, ಬಯೋಮೆಟ್ರಿಕ್ ಯಂತ್ರ ನೌಕರ ಬಂದ ಹೊತ್ತನ್ನು ಎಣಿಸಿತು, ಅವನು ಕಚೇರಿ ಬಿಟ್ಟ ಮೇಲೆ ದುಡಿಯುವ ಗಂಟೆಗಳನ್ನು ಯಾವ ಯಂತ್ರವೂ ಎಣಿಸಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತಾಗ ಅವರ ದೂರುಗಳಲ್ಲಿ ಮುಖ್ಯವಾದದ್ದು ಮೊಬೈಲ್ ಆ್ಯಪ್‌ಗಳ ಹೊರೆ. ಕಡತವನ್ನು ಹಗುರಗೊಳಿಸಲು ಬಂದ ಯಂತ್ರ ಕಡತದ ಜೊತೆಗೆ ಮನೆಗೂ ಬಂದಿತ್ತು. 2019ರ ಜೂನ್‌ನಲ್ಲಿ ನಾಲ್ಕನೇ ಶನಿವಾರ ರಜೆಯಾದಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿದದ್ದನ್ನೂ ಇಲ್ಲೇ ನೆನೆಯಬೇಕು.

ಇವೆಲ್ಲದರ ನಡುವೆ ನಮ್ಮ ಸೀಮೆಯದೇ ಆದ ಒಂದು ಏರ್ಪಾಡಿದೆ, ಪಂಡಿತರು ಅದನ್ನು ಸಿದ್ಧಾಂತವೆಂದು ಗುರುತಿಸಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಕೆಲಸ ಬಿಸಿಲಿಗೆ ಹೊಂದಿಕೊಳ್ಳಬೇಕೇ ಹೊರತು ಬಿಸಿಲು ಕೆಲಸಕ್ಕಲ್ಲ ಎಂದು ಒಪ್ಪಿಕೊಂಡ ಆದೇಶ ಇದು. ಇದರಿಂದ ಕೆಲಸ ಹಿಂದೆ ಬೀಳುತ್ತದೆ ಎನ್ನುವವರಿಗೆ ಉತ್ತರ ಸಕಾಲದ ದಾಖಲೆಯಲ್ಲೇ ಇದೆ. ಪ್ರತಿ ಅರ್ಜಿಗೂ ತಾರೀಖಿರುವಾಗ ಮೇ ತಿಂಗಳ ವಿಲೇವಾರಿಯನ್ನು ನವೆಂಬರ್‌ನೊಂದಿಗೆ ಹೋಲಿಸಿ ನೋಡಬಹುದು, ಊಹೆಯ ಅಗತ್ಯವಿಲ್ಲ. ಹಳ್ಳಿಯವರು ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರ. ಅದಕ್ಕೆ ಮದ್ದು ಬಸ್ಸಿನ ವೇಳಾಪಟ್ಟಿಯಲ್ಲಿದೆ, ನೌಕರನ ಗಡಿಯಾರದಲ್ಲಿಲ್ಲ. ಎಲ್ಲರಿಗೂ ಈ ವೇಳೆ ಒಂದೇ ಬೆಲೆಗೆ ಸಿಗುವುದೂ ಇಲ್ಲ. ಸಿಂಧನೂರಿನಿಂದ ಮಸ್ಕಿಗೆ, ಲಿಂಗಸುಗೂರಿಗೆ ಬಸ್ಸಿನಲ್ಲಿ ಓಡಾಡುವ ನೌಕರಿಯ ಹೆಣ್ಣುಮಗಳಿಗೆ ಎಂಟರ ಕಚೇರಿ ಎಂದರೆ ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು ಹೊರಡುವುದು. 2021ರಲ್ಲಿ ರಾಜ್ಯದ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಸಿಕ್ಕಿತು. ರೊಟ್ಟಿಯ ಹೊತ್ತು ಮಾತ್ರ ಯಾವ ಆದೇಶದ ಕಣ್ಣಿಗೂ ಬಿದ್ದಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಫೋನು, ಸಂದೇಶಗಳಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ 2017ರ ಜನವರಿಯಿಂದ ಕಾನೂನಿನಲ್ಲಿ ಸೇರಿಸಿದೆ. ನಮ್ಮಲ್ಲಿ ಇದೇ ಹಕ್ಕಿಗಾಗಿ ಸಂಸದೆ ಸುಪ್ರಿಯಾ ಸುಳೆ 2018ರ ಕೊನೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾಯ್ದೆಯಾಗಲಿಲ್ಲ. ಬೇಸಿಗೆಯ ಆದೇಶ ಕಚೇರಿಯ ಬಾಗಿಲು ಒಂದೂವರೆಗೆ ಹಾಕಬೇಕೆನ್ನುತ್ತದೆ, ಮೂರು ಗಂಟೆಗೆ ಗುಂಪಿನಲ್ಲಿ ಬೀಳುವ ‘ಈಗಲೇ ಮಾಹಿತಿ ಕಳಿಸಿ’ ಎಂಬ ಸಂದೇಶಕ್ಕೆ ಬಾಗಿಲು ಯಾವುದೆಂದು ಹೇಳುವುದಿಲ್ಲ.