ಕೃಪೆ ಮತ್ತು ಸತ್ಕ್ರಿಯೆ: ಕ್ರೈಸ್ತ ವಿಶ್ವಾಸದ ಒಂದು ಹಳೆಯ ಪ್ರಶ್ನೆ

ಮನುಷ್ಯನು ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು ತಾನು ಮಾಡಿದ ಒಳ್ಳೆಯ ಕೆಲಸಗಳಿಂದಲೋ, ಅಥವಾ ಅರ್ಹತೆಯನ್ನು ಲೆಕ್ಕಿಸದೆ ದೇವರು ತೋರುವ ಕೃಪೆಯಿಂದಲೋ? ಕ್ರೈಸ್ತ ಧರ್ಮದ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಚರ್ಚೆಗೊಳಗಾದ, ಸಭೆಗಳನ್ನೇ ಒಡೆದ ಇನ್ನೊಂದು ಪ್ರಶ್ನೆಯನ್ನು ಹುಡುಕುವುದು ಕಷ್ಟ. ನಾನು ದೇವತಾಶಾಸ್ತ್ರವನ್ನು ಕ್ರಮವಾಗಿ ಓದಿದವನಲ್ಲ; ಮಂಗಳೂರು ಕಡೆಯಿಂದ ಬಂದು ಬಹರೈನಿನ ಮುಹರ್ರಕ್ ದ್ವೀಪದ ಬುಸೈತೀನಿನಲ್ಲಿ ನೆಲೆಸಿರುವ ವೈದ್ಯ. ಆದರೆ ಈ ಪ್ರಶ್ನೆ ಗ್ರಂಥಗಳಲ್ಲಿ ಮಾತ್ರ ಉಳಿದಿಲ್ಲ. ಗುಣವಾಗದ ಕಾಯಿಲೆಯವರ ಹಾಸಿಗೆಯ ಬಳಿ ಅದು ಬೇರೆ ಬೇರೆ ಮಾತುಗಳಲ್ಲಿ ಕೇಳಿಬರುತ್ತದೆ: ‘ಇಷ್ಟೆಲ್ಲ ಒಳ್ಳೆಯದು ಮಾಡಿದೆ, ನನಗೇಕೆ ಹೀಗೆ?’ ಎಂದು ಒಬ್ಬರು, ‘ನನ್ನಂಥವನಿಗೆ ಕ್ಷಮೆ ಉಂಟೆ?’ ಎಂದು ಇನ್ನೊಬ್ಬರು.

ಮೊದಲು ಪದಗಳನ್ನು ನೋಡೋಣ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ಪದ ‘ಖಾರಿಸ್’. ಬೇಡಿ ಪಡೆಯದೆ, ದುಡಿದು ಗಳಿಸದೆ ದೊರೆಯುವ ಒಲವು ಅಥವಾ ಕೊಡುಗೆ ಎಂಬುದು ಅದರ ಭಾವ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮುಂತಾದವರ ಶ್ರಮದಿಂದ 1831ರಲ್ಲಿ ಕನ್ನಡ ಬೈಬಲ್ ಪೂರ್ಣವಾಯಿತು. ಕನ್ನಡ ಕ್ರೈಸ್ತರ ಬಾಯಲ್ಲಿ ಈ ಅರ್ಥಕ್ಕೆ ನಿಂತ ಪದ ‘ಕೃಪೆ’. ಕರಾವಳಿಯ ಕೊಂಕಣಿ ಕಥೋಲಿಕರು ಅದನ್ನೇ ‘ಕುರ್ಪಾ’ ಎನ್ನುತ್ತಾರೆ. ಪದವೇನೋ ಸುಲಭವಾಗಿ ಸಿಕ್ಕಿತು. ತೊಡಕಾದದ್ದು ಅದರ ನೆರೆಯ ಪದ ‘ಪುಣ್ಯ’. ಕನ್ನಡದಲ್ಲಿ ಪುಣ್ಯವನ್ನು ನಾವು ‘ಕಟ್ಟಿಕೊಳ್ಳುತ್ತೇವೆ’. ಬುತ್ತಿಯಂತೆ ಗಂಟುಕಟ್ಟಿ ಮುಂದಿನ ದಾರಿಗೆ ಒಯ್ಯುವ ವಸ್ತು ಅದು. ಕೃಪೆ ಹೀಗೆ ಗಂಟುಕಟ್ಟುವಂಥದ್ದಲ್ಲ ಎಂಬುದೇ ಕ್ರೈಸ್ತ ವಾದದ ತಿರುಳು. ಆದ್ದರಿಂದ ಕನ್ನಡದಲ್ಲಿ ಈ ವಿಚಾರವನ್ನು ಹೇಳಹೊರಟವನು ಭಾಷೆಯ ರೂಢಿಗೆ ವಿರುದ್ಧವಾಗಿ ಸ್ವಲ್ಪ ಈಜಬೇಕಾಗುತ್ತದೆ.

ವಾದದ ಬೀಜ ಎರಡು ಪತ್ರಿಕೆಗಳಲ್ಲಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು, ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ನಂಬಿಕೆಯಿಂದ ಎಂದು ವಾದಿಸುತ್ತಾನೆ. ನಾಲ್ಕನೆಯ ಅಧ್ಯಾಯದಲ್ಲಿ ಅವನು ಬಳಸುವ ಹೋಲಿಕೆ ಕೂಲಿಯದು: ದುಡಿದವನಿಗೆ ಕೊಡುವ ಕೂಲಿ ಸಲ್ಲಬೇಕಾದ ಸಾಲವೇ ಹೊರತು ದಾನವಲ್ಲ. ಕೊಲ್ಲಿ ನಾಡಿಗೆ ದುಡಿಯಲು ಬಂದ ನಮಗೆ ಈ ಭೇದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಸಂಬಳವನ್ನು ಯಾರೂ ಕೃಪೆಯೆಂದು ಕರೆಯುವುದಿಲ್ಲ. ಯಾಕೋಬನ ಪತ್ರಿಕೆಯಾದರೋ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ. ಕುತೂಹಲದ ಸಂಗತಿಯೆಂದರೆ, ‘ನಂಬಿಕೆಯಿಂದ ಮಾತ್ರ’ ಎಂಬ ಪ್ರಯೋಗ ಹೊಸ ಒಡಂಬಡಿಕೆಯಲ್ಲಿ ಬರುವುದು ಯಾಕೋಬನಲ್ಲಿ, ಅದೂ ನಿರಾಕರಣೆಯ ರೂಪದಲ್ಲಿ.

ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಆದರೆ ಪೌಲನು ನೋಡುವುದು ಸಂತಾನದ ವಾಗ್ದಾನವನ್ನು ನಂಬಿದ ಅಬ್ರಹಾಮನನ್ನು, ಅಂದರೆ ಆದಿಕಾಂಡದ 15ನೆಯ ಅಧ್ಯಾಯವನ್ನು. ಯಾಕೋಬನು ಬೆಟ್ಟು ಮಾಡುವುದು ಮಗ ಇಸಾಕನನ್ನು ಬಲಿಪೀಠದ ಮೇಲಿಟ್ಟ ಅಬ್ರಹಾಮನನ್ನು, 22ನೆಯ ಅಧ್ಯಾಯವನ್ನು. ಒಂದು ಆರಂಭ, ಇನ್ನೊಂದು ಪರಿಣಾಮ. ‘ನಂಬಿಕೆ’ ಎಂಬ ಪದವೂ ಇಬ್ಬರಲ್ಲಿ ಒಂದೇ ಅಲ್ಲ: ಪೌಲನಿಗೆ ಅದು ತನ್ನನ್ನೇ ಒಪ್ಪಿಸಿಕೊಡುವುದು, ಯಾಕೋಬನು ಖಂಡಿಸುವುದು ಬರಿಯ ಬಾಯಿಮಾತಿನ ಒಪ್ಪಿಗೆಯನ್ನು. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ನಾಡಿಬಡಿತವು ಹೃದಯಕ್ಕೆ ಜೀವ ಕೊಡುವುದಿಲ್ಲ; ಆದರೆ ನಾಡಿ ಸಿಗದ ಕಡೆ ಹೃದಯ ಚೆನ್ನಾಗಿದೆಯೆಂದು ಯಾವ ವೈದ್ಯನೂ ಬರೆದುಕೊಡುವುದಿಲ್ಲ.

ಐದನೆಯ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ಸಂನ್ಯಾಸಿಯು ಮನುಷ್ಯನ ಇಚ್ಛಾಶಕ್ತಿಗೆ ಹೆಚ್ಚಿನ ಪಾಲು ಕೊಟ್ಟನು; ಅಗಸ್ಟೀನನು ಅದನ್ನು ವಿರೋಧಿಸಿದನು; 418ರ ಕಾರ್ಥೇಜ್ ಸಭೆಯು ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. ಸಾವಿರ ವರ್ಷಗಳ ನಂತರ ಅದೇ ಗಾಯ ಮತ್ತೆ ಬಿರಿಯಿತು. ಪಾಪದ ಶಿಕ್ಷೆಗೆ ವಿನಾಯಿತಿ ನೀಡುವ ಪತ್ರಗಳ ಮಾರಾಟವನ್ನು ಮಾರ್ಟಿನ್ ಲೂಥರನು 1517ರಲ್ಲಿ ಪ್ರಶ್ನಿಸಿದನು. 1522ರ ತನ್ನ ಜರ್ಮನ್ ಅನುವಾದದಲ್ಲಿ ಪೌಲನ ವಾಕ್ಯಕ್ಕೆ ‘ಮಾತ್ರ’ ಎಂಬ ಪದವನ್ನು ಸೇರಿಸಿದನು. ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದನು. ಇದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಅವನು ಸತ್ಕ್ರಿಯೆಗಳನ್ನು ಬೇಡವೆಂದನೆನ್ನುವುದು ಸುಳ್ಳು. ರಕ್ಷಣೆಯ ಚಿಂತೆ ಕಳೆದವನು ಲಾಭದ ಎಣಿಕೆಯಿಲ್ಲದೆ ನೆರೆಯವನ ಸೇವೆಗೆ ಬಿಡುವಾಗುತ್ತಾನೆ ಎಂಬುದೇ 1520ರಲ್ಲಿ ಅವನು ಕ್ರೈಸ್ತನ ಸ್ವಾತಂತ್ರ್ಯದ ಕುರಿತು ಬರೆದ ಪುಸ್ತಿಕೆಯ ಸಾರ. ಹಾಗೆಯೇ ಕಥೋಲಿಕರು ಕೆಲಸದಿಂದ ಮೋಕ್ಷ ಕೊಳ್ಳುವವರೆಂಬುದೂ ಸುಳ್ಳು. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯು ಹೊರಡಿಸಿದ 33 ನಿಷೇಧವಿಧಿಗಳಲ್ಲಿ ಮೊಟ್ಟಮೊದಲನೆಯದೇ, ದೇವಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದೆಂಬ ಮತವನ್ನು ಖಂಡಿಸುತ್ತದೆ. ಕೃಪೆಯೊಂದಿಗೆ ಮನುಷ್ಯನು ಸಹಕರಿಸುತ್ತಾನೆ, ಆ ಸಹಕಾರಕ್ಕೂ ಬೆಲೆಯಿದೆ ಎಂಬಲ್ಲಿ ಮಾತ್ರ ದಾರಿ ಕವಲೊಡೆಯಿತು.

ಯುರೋಪಿನಲ್ಲಿ ಹೀಗೆ ಕಾದಾಡಿದ ಎರಡೂ ಪಂಗಡಗಳು ನಮ್ಮ ಕರಾವಳಿಯಲ್ಲಿ ಅಕ್ಕಪಕ್ಕದ ಗುಡ್ಡಗಳ ಮೇಲೆ ನೆಲೆಯೂರಿದವು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಕ್ರಿಯೆಗಳಿಂದ ರಕ್ಷಣೆಯಿಲ್ಲ ಎಂದು ಬೋಧಿಸಿದ ಇವರು ಮಾಡಿದಷ್ಟು ಕೆಲಸವನ್ನು ಬೇರೆಯವರು ಮಾಡಿದ್ದು ಕಡಿಮೆ: ಬಲ್ಮಠದ ಶಾಲೆಗಳು, 1841ರ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ, ಕೊನೆಗೆ 1894ರ ಕಿಟ್ಟೆಲ್ ನಿಘಂಟು. ಮತಾಂತರಗೊಂಡವರು ಜಾತಿಯ ಕಸುಬನ್ನೂ ಆಶ್ರಯವನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೊಂದು ಜೀವನೋಪಾಯ ಕಲ್ಪಿಸುವುದು ಕಾರ್ಖಾನೆಗಳ ಮುಖ್ಯ ಉದ್ದೇಶವಾಗಿತ್ತು. ಅನ್ನಕ್ಕಾಗಿ ಮತ ಎಂಬ ಆಕ್ಷೇಪ ಇದರಿಂದಲೇ ಹುಟ್ಟಿತು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೃಪೆ ಉಚಿತ, ಹೆಂಚಿಗೆ ಕೂಲಿ ಎಂಬ ಗೆರೆಯನ್ನು ಅಲ್ಲಿ ದುಡಿದ ಬಡವನು ಎಷ್ಟು ಸ್ಪಷ್ಟವಾಗಿ ಕಂಡಿರಬಹುದು?

ಇತ್ತ 1878ರ ಕೊನೆಯ ದಿನ ಯೇಸುಸಭೆಯ ಪಾದ್ರಿಗಳು ಮಂಗಳೂರಿನಲ್ಲಿ ಇಳಿದರು. ಅವರಲ್ಲೊಬ್ಬರು ಜರ್ಮನಿಯ ಅಗಸ್ಟಸ್ ಮುಲ್ಲರ್. 1880ರಲ್ಲಿ ಅವರು ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದರು. ಆಲದ ಮರದ ಕೆಳಗೆ ಕುಳಿತು ಕೊಡುತ್ತಿದ್ದರೆಂದು ಊರಿನಲ್ಲಿ ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. (ಹೋಮಿಯೋಪಥಿಯ ಬಗ್ಗೆ ನನಗಿರುವ ವೃತ್ತಿಸಹಜ ಸಂಶಯವು ಕುಷ್ಠರೋಗಿಯ ಗಾಯ ತೊಳೆದ ಕೈಗಳಿಗೆ ಅನ್ವಯಿಸುವುದಿಲ್ಲ.) 1923ರಲ್ಲಿ ಉಡುಪಿಯಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಬಾಸೆಲ್ ಮಿಷನ್ನಿನ ಆಸ್ಪತ್ರೆಯನ್ನು ತೆರೆದರು. ಬಹರೈನಿನ ಕಥೆಯೂ ಇದೇ: ಅಮೆರಿಕದ ಸುಧಾರಿತ ಸಭೆಯ ಮಿಷನರಿಗಳು 1903ರಲ್ಲಿ ಮನಾಮಾದಲ್ಲಿ ತೆರೆದ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಸಿದ್ಧಾಂತದಲ್ಲಿ ಎರಡು ತೀರಗಳಲ್ಲಿ ನಿಂತವರು ರೋಗಿಯ ಮುಂದೆ ಒಂದೇ ಕೆಲಸ ಮಾಡಿದರು. ಹಾಗಾದರೆ ಸಿದ್ಧಾಂತಕ್ಕೆ ಬೆಲೆಯಿಲ್ಲವೆ?

ಇದೆ ಎಂಬುದನ್ನು ನಾನು ಕಲಿತದ್ದು ಒಬ್ಬ ವೃದ್ಧೆಯಿಂದ. ಮಗನ ಮನೆಗೆಂದು ಇಲ್ಲಿಗೆ ಬಂದಿದ್ದ ನಮ್ಮ ಕಡೆಯ ಕಥೋಲಿಕ ತಾಯಿ. ಅರ್ಬುದ ರೋಗವು ಎಲುಬಿಗೆ ಹರಡಿತ್ತು. ನೋವು ಶಮನದ ಮದ್ದನ್ನು ಅವರು ಒಲ್ಲೆನೆಂದರು. “ಸೂಜಿ ಬೇಡ ಡಾಕ್ಟ್ರೇ. ಇದು ಇಲ್ಲಿಯೇ ತೀರಿ ಹೋಗಲಿ. ಅಲ್ಲಿ ಅಷ್ಟು ಕಡಿಮೆಯಾಗ್ತದೆ.” ಪ್ರತಿ ರಾತ್ರಿಯ ನೋವನ್ನು ಅವರು ಕಂತಿನಂತೆ ಕಟ್ಟುತ್ತಿದ್ದರು. ನಾನು ವಾದಿಸಲಿಲ್ಲ, ಸಾಯುವವರ ವಿಶ್ವಾಸವನ್ನು ಅಲ್ಲಾಡಿಸುವುದು ವೈದ್ಯನ ಕೆಲಸವಲ್ಲ. ನೋವು ನಿವಾರಿಸುವ ಔಷಧದಿಂದ ಆಯುಷ್ಯ ಸ್ವಲ್ಪ ಕಡಿಮೆಯಾಗಬಹುದಾದರೂ ಅದನ್ನು ಕೊಡಬಹುದೆಂದು ಪೋಪ್ ಹನ್ನೆರಡನೆಯ ಪಿಯೂಸರು 1957ರ ಫೆಬ್ರವರಿಯಲ್ಲೇ ಅರಿವಳಿಕೆ ತಜ್ಞರಿಗೆ ಉತ್ತರಿಸಿದ್ದರೆಂಬುದನ್ನು ಅವರ ಮಗನಿಗೆ ತಿಳಿಸಿದೆ. ಶುಕ್ರವಾರದ ಪೂಜೆ ಮುಗಿಸಿ ಪಾದ್ರಿಗಳು ಬಂದರು. ಕ್ರಿಸ್ತನೊಂದಿಗೆ ನೋವನ್ನು ಒಪ್ಪಿಸಿಕೊಡುವುದು ಭಕ್ತಿಯೇ ಹೌದು, ಆದರೆ ಅದನ್ನು ಯಾರೂ ಸಾಲದ ವಸೂಲಿಯಾಗಿ ಕೇಳುತ್ತಿಲ್ಲ ಎಂದು ಅವರಿಗೆ ಕೊಂಕಣಿಯಲ್ಲಿ ಮೆಲ್ಲನೆ ಹೇಳಿದರು. ಅಂದು ರಾತ್ರಿ ಆ ತಾಯಿ ಮದ್ದು ತೆಗೆದುಕೊಂಡು ಬೆಳಗಿನವರೆಗೆ ನಿದ್ರಿಸಿದರು. ಕೃಪೆ ಎಂಬ ಪದದ ಅರ್ಥವು ಒಬ್ಬರ ನಿದ್ರೆಯ ಪ್ರಶ್ನೆಯಾಗಬಲ್ಲದು.

ಕನ್ನಡ ಓದುಗರಿಗೆ ಈ ವಾದ ಪೂರ್ತಿ ಹೊರಗಿನದೇನೂ ಅಲ್ಲ. ಶ್ರೀವೈಷ್ಣವರಲ್ಲಿ ವಡಗಲೆ ಮತ್ತು ತೆಂಗಲೆಯವರ ನಡುವಿನ ಮರ್ಕಟ ಕಿಶೋರ, ಮಾರ್ಜಾಲ ಕಿಶೋರ ನ್ಯಾಯಗಳು ಪ್ರಸಿದ್ಧ: ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು; ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಜರ್ಮನ್ ವಿದ್ವಾಂಸ ರುಡಾಲ್ಫ್ ಒಟ್ಟೊ ಭಾರತದ ಕೃಪಾಮತವನ್ನು ಕ್ರೈಸ್ತಮತದೊಂದಿಗೆ ಹೋಲಿಸಿ 1930ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಲೂಥರನನ್ನು ಬೆಕ್ಕಿನ ಪಕ್ಷಕ್ಕೂ ಟ್ರೆಂಟಿನವರನ್ನು ಕೋತಿಯ ಪಕ್ಷಕ್ಕೂ ಸೇರಿಸಲು ಮನಸ್ಸಾಗುತ್ತದೆ, ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಟ್ರೆಂಟಿನ ಪ್ರಕಾರ ಅವಚಿಕೊಳ್ಳುವ ಕೈಗೆ ಬಲ ಕೊಡುವುದೂ ಕೃಪೆಯೇ. ಉಡುಪಿಯ ಮಾಧ್ವರಲ್ಲಿಯೂ ಭಗವಂತನ ಪ್ರಸಾದವಿಲ್ಲದೆ ಮೋಕ್ಷವಿಲ್ಲ. ಕ್ರೈಸ್ತರಲ್ಲಿ ಈ ಕೃಪೆಯು ಯೇಸುವಿನ ಶಿಲುಬೆಯ ಒಂದು ಐತಿಹಾಸಿಕ ಘಟನೆಗೆ ಕಟ್ಟಿಕೊಂಡಿದೆ ಎಂಬುದು ಮುಖ್ಯ ವ್ಯತ್ಯಾಸ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಸತ್ಕ್ರಿಯೆಗಳು ಅದರ ಫಲ ಎಂಬುದು ಒಪ್ಪಿತ ತಿರುಳು. 16ನೆಯ ಶತಮಾನದ ಪರಸ್ಪರ ಖಂಡನೆಗಳು ಈ ಘೋಷಣೆಯಲ್ಲಿ ಹೇಳಿದ ಬೋಧನೆಗೆ ತಾಗುವುದಿಲ್ಲವೆಂದೂ ಒಪ್ಪಲಾಯಿತು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳ ಒಕ್ಕೂಟ ಇದಕ್ಕೆ ಸೇರಿದವು. ಎಲ್ಲ ಭೇದವೂ ಅಳಿಯಿತೆಂದಲ್ಲ. ಸತ್ಕ್ರಿಯೆಗೆ ‘ಪ್ರತಿಫಲ’ ಎಂಬ ಮಾತನ್ನು ಯಾವ ಅರ್ಥದಲ್ಲಿ ಬಳಸಬಹುದು, ಕೃಪೆ ಪಡೆದ ಮೇಲೂ ಮನುಷ್ಯನನ್ನು ಪಾಪಿಯೆನ್ನಬಹುದೆ ಎಂಬಲ್ಲಿ ಎರಡು ಕಡೆಯ ಒತ್ತು ಬೇರೆಯಾಗಿಯೇ ಉಳಿದಿದೆ.

ಪ್ರತಿಫಲದ ಮಾತು ಬಂದಾಗ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ದ್ರಾಕ್ಷೆತೋಟದ ಸಾಮತಿಯನ್ನು ನೋಡಬೇಕು. ಬೆಳಗಿನಿಂದ ಬಿಸಿಲಿನಲ್ಲಿ ದುಡಿದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ, ಬೆಳಗಿನವರು ಗೊಣಗುತ್ತಾರೆ. ಕೊಲ್ಲಿಯ ಕಾರ್ಮಿಕರ ನಡುವೆ ಇದನ್ನು ಓದಿದರೆ ಗೊಣಗಿದವರ ಪಕ್ಷವೇ ಸರಿಯೆನಿಸುತ್ತದೆ. ಆದರೆ ಆ ಕಥೆಯಲ್ಲಿ ಯಾರಿಗೂ ಒಪ್ಪಿದ್ದಕ್ಕಿಂತ ಕಡಿಮೆ ಸಿಕ್ಕಿಲ್ಲ. ಸಂಜೆಯವರೆಗೆ ಸಂತೆಯ ಬೀದಿಯಲ್ಲಿ ನಿಂತವರನ್ನು ಯಜಮಾನ ಕೇಳುವುದು ಏಕೆ ಸುಮ್ಮನೆ ನಿಂತಿರಿ ಎಂದು. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬುದು ಅವರ ಉತ್ತರ. ಆ ಉತ್ತರವನ್ನು ಕೇಳಿಯೂ ಅವನು ಅವರನ್ನು ತೋಟಕ್ಕೆ ಕಳುಹಿಸುತ್ತಾನೆ, ಬೆಳಕಿರುವಷ್ಟು ಹೊತ್ತು ದುಡಿಯಲು.